ಮಂಚದ ಕಾರು ಒಮ್ಮೆ ಗೆದ್ದಿತ್ತು

೧

ಹೇಗೆ ಶುರು ಮಾಡುವುದೆಂದು ಗೊತ್ತಿದ್ದಿದ್ದರೆ ಒಂಬತ್ತು ದಿನ ಹಾಳಾಗುತ್ತಿರಲಿಲ್ಲ.

ಮೊದಲ ಕರಡು: "ಏಳು ಕಾರುಗಳು ಗೆರೆಯ ಹಿಂದೆ ಬುಸುಗುಟ್ಟುತ್ತ ನಿಂತಿದ್ದವು. ಬಾವುಟ ಕೆಳಗಿಳಿಯಿತು." (ಹೊಡೆದು ಹಾಕಿದೆ. ಕಾರ್ಟೂನಿನ ಕಾರನ್ನು ಅಕ್ಷರದಲ್ಲಿ ಓಡಿಸಲು ಹೋದರೆ ಅದು ಲೋಕಲ್ ಬಸ್ಸಿನಂತೆ ಸಾಲು ಸಾಲಿಗೂ ನಿಲ್ಲುತ್ತದೆ.)

ಎರಡನೇ ಕರಡು: "ಅವಳಿಗೆ ನಲವತ್ತೈದು ವರ್ಷ. ಅವಳು ಕಿಟಕಿಯಾಚೆ ನೋಡುತ್ತ ನಿಂತಿದ್ದಳು." (ಇದೂ ಹೋಯಿತು. ನನ್ನ ಕಿಟಕಿಯಾಚೆ ಇರುವುದು ಪಕ್ಕದ ಕಟ್ಟಡದ ಗೋಡೆ. ಅದನ್ನು ನೋಡುತ್ತ ನಿಲ್ಲುವಷ್ಟು ಬಿಡುವು ನನಗಿಲ್ಲ.)

ಮೂರನೆಯದು, ಇದ್ದದ್ದು ಇದ್ದ ಹಾಗೆ. ನನ್ನ ಫೋನಿನಲ್ಲಿ ಒಂದು ಮೆಸೇಜು ಒಂಬತ್ತು ದಿನದಿಂದ ಉತ್ತರಕ್ಕೆ ಕಾಯುತ್ತಿದೆ. ಕಳಿಸಿದವಳು ಒಬ್ಬ ಹುಡುಗಿ, ಅವಳ ಮುಖ ನಾನು ನೋಡಿಲ್ಲ. ಅವಳು ಕೇಳಿರುವುದು ಒಂದು ಹಳೇ ಕಾರ್ಟೂನಿನ ಬಗ್ಗೆ. ಉತ್ತರ ಎರಡೇ ಸಾಲು. ಆ ಎರಡು ಸಾಲನ್ನು ಸರಿಯಾಗಿ ಬರೆದರೆ, ಮೂವತ್ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟು ಹೋದ ನನ್ನ ಅಣ್ಣ ಸಿಗಬಹುದು. ತಪ್ಪಾಗಿ ಬರೆದರೆ ಅವನು ಇನ್ನು ಎಂದೂ ಸಿಗದೆ ಹೋಗಬಹುದು. ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಯದೆ, ಎರಡು ಸಾಲಿನ ಬದಲು ಇಡೀ ಕಥೆಯನ್ನೇ ಬರೆಯಲು ಕೂತಿದ್ದೇನೆ. ಶುರು ಸರಿಯಾಗುತ್ತಿಲ್ಲ ಎಂಬುದು ಬರೀ ನೆಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

೨

ಕಾರ್ಟೂನು ನೋಡದವರಿಗಾಗಿ ಎರಡು ಮಾತು. (ನೋಡಿದವರು ನಾವು ನಲವತ್ತೊಂದು ಜನ ಫೋನಿನ ಒಂದು ಗ್ರೂಪಿನಲ್ಲಿ ಕಚ್ಚಾಡುತ್ತಿದ್ದೇವೆ. ಕಥೆ ಓದಲು ನಮಗೆ ಪುರುಸೊತ್ತಿಲ್ಲ.)

ಭಾನುವಾರ ಸಂಜೆ, ಅರ್ಧ ಗಂಟೆ. ಯಾವ ದೇಶದ್ದೋ ಏನೋ, ಮಾತು ಒಂದೂ ಅರ್ಥವಾಗುತ್ತಿರಲಿಲ್ಲ. ಹೆಸರು ಓದಲು ಬಾರದೆ ನಾವು 'ದಡಬಡ ರೇಸ್' ಎಂದು ಕರೆದುಕೊಂಡೆವು. ಸ್ನಾನದ ತೊಟ್ಟಿಗೆ ಚಕ್ರ ಹಾಕಿಕೊಂಡ ಒಬ್ಬ ಜನರಲ್ಲು. ಪಿಯಾನೋ ಓಡಿಸುವ ಅವಳಿ ಮುದುಕಿಯರು, ಒಬ್ಬಳು ಎಡಕ್ಕೆ ಎಳೆದರೆ ಇನ್ನೊಬ್ಬಳು ಬಲಕ್ಕೆ. ಗಾಳಿ ಬಂದರೆ ಬಿಚ್ಚಿಕೊಂಡು ಹಾರುವ ಕೊಡೆ ಕಾರು. ಹೀಗೆ ಆರು. ಏಳನೆಯದು ಮಂಚ. ಕಬ್ಬಿಣದ ಮಂಚಕ್ಕೆ ನಾಲ್ಕು ಚಕ್ರ, ಮೇಲೆ ಕಂಬಳಿ ಹೊದ್ದು ಮಲಗಿದ ತಾತ, ಮಂಚದ ಕಾಲಿಗೆ ಸಿಕ್ಕಿಸಿದ ಅವನ ಚಪ್ಪಲಿ. ಮುಂದಿನ ಚಕ್ರದಿಂದ ಬಂದ ಹಗ್ಗವನ್ನು ಅವನ ಕಾಲಿನ ಹೆಬ್ಬೆರಳಿಗೆ ಕಟ್ಟಿದೆ. ನಿದ್ದೆಯಲ್ಲಿ ಕಾಲು ಅಲ್ಲಾಡಿದ ಹಾಗೆ ಮಂಚ ತಿರುಗುತ್ತದೆ. ಒಟ್ಟು ಇಪ್ಪತ್ತಾರು ಎಪಿಸೋಡು. ಇಪ್ಪತ್ತಾರರಲ್ಲೂ ಮಂಚದ ಕಾರೇ ಕೊನೆ.

(ಇಪ್ಪತ್ತಾರರಲ್ಲೂ ಎಂದು ಬರೆದೆನಲ್ಲ, ಜಗಳ ಇರುವುದೇ ಅಲ್ಲಿ.)

ಗ್ರೂಪಿನ ಯಜಮಾನರು ಮೇಷ್ಟ್ರು. ಗಣಿತ ಹೇಳಿಕೊಡುತ್ತಿದ್ದವರು, ಈಗ ನಿವೃತ್ತರು. ಯಾವ ರೇಸಿನಲ್ಲಿ ಯಾರು ಎಷ್ಟನೆಯವರು ಎಂಬ ದೊಡ್ಡ ಪಟ್ಟಿ ಅವರ ಬಳಿ ಇದೆ. ಅವರಿಗೆ ಎದುರು ವಾದಿಸುವವರು ಮುಖ್ಯವಾಗಿ ಇಬ್ಬರು: ಒಬ್ಬರು ನರ್ಸಮ್ಮ, ಇನ್ನೊಬ್ಬರು ಲಿಫ್ಟ್ ರಿಪೇರಿಯವರು. ಮಾದರಿಗೆ ಒಂದು ತುಣುಕು:

"ಹಗ್ಗ ಎಡಗಾಲಿಗೆ ಕಟ್ಟಿರೋದು," ಎಂದರು ನರ್ಸಮ್ಮ. "ಬಲಗಾಲು ಕಂಬಳಿ ಒಳಗಿರತ್ತೆ. ದಿನಾ ಕಾಲು ನೋಡೋಳು ನಾನು, ನಂಗೆ ಹೇಳ್ಕೊಡ್ಬೇಡಿ."

"ಒಂಬತ್ತನೇ ಎಪಿಸೋಡಲ್ಲಿ ಬಲಗಾಲು ಮೇಡಂ," ಎಂದರು ಲಿಫ್ಟಿನವರು. "ಬಿಡಿಸಿದೋನು ಮರೆತಿದ್ದಾನೆ ಅಷ್ಟೆ."

"ಮರೆತಿಲ್ಲ," ಎಂದರು ಮೇಷ್ಟ್ರು. "ತಾತ ಮಗ್ಗುಲು ಬದಲಾಯಿಸಿದ್ದಾನೆ."

ಇದು ನಾಲ್ಕು ದಿನ ನಡೆಯಿತು. ಲಿಫ್ಟಿನವರು ಗ್ರೂಪು ಬಿಟ್ಟು ಹೋಗಿ ಮರುದಿನ ಬೆಳಿಗ್ಗೆ ಏನೂ ಆಗದವರಂತೆ ವಾಪಸು ಬಂದರು. ಕಂಬಳಿಯ ಬಣ್ಣದ ಜಗಳದಲ್ಲಿ ಮಾತ್ರ ನಾನು ಬಾಯಿ ಹಾಕುವುದಿಲ್ಲ. ನಮ್ಮ ಮನೆಯ ಕಪ್ಪು ಬಿಳುಪು ಟೀವಿಯ ಮುಂದೆ ನೀಲಿ ಹಾಳೆ ಹಾಕಿತ್ತು. ನನ್ನ ಪಾಲಿಗೆ ಕಂಬಳಿಯೂ ನೀಲಿ, ಜನರಲ್ಲೂ ನೀಲಿ, ಮರಳುಗಾಡೂ ನೀಲಿ.

ಇಪ್ಪತ್ತಾರರಲ್ಲಿ ಇಪ್ಪತ್ತೆರಡು ಎಪಿಸೋಡಿನ ಟೇಪುಗಳು ಅವರಿವರ ಅಟ್ಟ, ಕಪಾಟುಗಳಿಂದ ಸಿಕ್ಕಿದ್ದವು. ಸಿಗದವು ನಾಲ್ಕು: ಎಂಟು, ಹದಿಮೂರು, ಹತ್ತೊಂಬತ್ತು, ಇಪ್ಪತ್ನಾಲ್ಕು. ಎಂಟು ವರ್ಷದ ಹಿಂದೆ ಗ್ರೂಪು ಸೇರಿದ ದಿನವೇ ನಾನು ಬರೆದೆ: "ಹತ್ತೊಂಬತ್ತರಲ್ಲಿ ಮಂಚದ ಕಾರು ಮೊದಲು ಗೆರೆ ದಾಟಿತು. ನಾನು ಬಲ್ಲೆ." ಅಂದಿನಿಂದ ನಾನು ಗ್ರೂಪಿನ ಹುಚ್ಚಿ. ಮೇಷ್ಟ್ರು ಪಟ್ಟಿಯಲ್ಲಿ ಹತ್ತೊಂಬತ್ತರ ಮುಂದೆ ಪೆನ್ಸಿಲಿನಲ್ಲಿ 'ಹಲ್ಲಮ್ಮನವರ ತಕರಾರು' ಎಂದು ಬರೆದಿಟ್ಟಿದ್ದಾರಂತೆ.

೩

ಹಲ್ಲಮ್ಮ ಎಂದರೆ ನಾನೇ. ಹಲ್ಲು ಮಾಡುವವಳು. 'ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ' ಎಂಬ ಗಾದೆಯನ್ನು ನನಗೆ ಹೇಳಿ ತಾವೇ ನಗದ ನೆಂಟರಿಲ್ಲ.

ನಮ್ಮ ಲ್ಯಾಬಿಗೆ ಬಾಯಿ ಬರುತ್ತದೆ, ಮುಖ ಬರುವುದಿಲ್ಲ. ಡಾಕ್ಟರುಗಳು ಬಾಯಿಯೊಳಗಿನ ಅಚ್ಚು ತೆಗೆದು ಡಬ್ಬಿಯಲ್ಲಿ ಕಳಿಸುತ್ತಾರೆ. ಜೊತೆಗೊಂದು ಚೀಟಿ: ವಯಸ್ಸು, ಗಂಡೋ ಹೆಣ್ಣೋ, ಹಲ್ಲಿನ ಬಣ್ಣದ ನಂಬರು. ನಾನು ಅಚ್ಚಿಗೆ ಪ್ಲಾಸ್ಟರು ಸುರಿದು, ಗುಳ್ಳೆ ಏಳದಂತೆ ಟೇಬಲಿನ ಅಂಚಿಗೆ ಮೆಲ್ಲಗೆ ಕುಟ್ಟಿ, ಒಣಗಿದ ಮೇಲೆ ಬಿಡಿಸುತ್ತೇನೆ. ಯಾರದೋ ಬಾಯಿ ಬೆಳ್ಳಗೆ ಅಂಗೈ ಮೇಲೆ ಕೂರುತ್ತದೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.

ಅಣ್ಣನ ಕೆಳಸಾಲಿನ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಕಾಲು ಹಾಕಿ ಕೂತಂತಿದ್ದವು. ಅಂಥ ದವಡೆ ಬಂದಾಗಲೆಲ್ಲ ನಾನು ಚೀಟಿ ನೋಡುತ್ತೇನೆ. ಇಷ್ಟು ವರ್ಷದಲ್ಲಿ ಹನ್ನೊಂದು ಬಂದಿವೆ. ಐದು ಹೆಂಗಸರವು. ನಾಲ್ಕು ಚಿಕ್ಕ ವಯಸ್ಸಿನವು. ಒಂದು ಎಪ್ಪತ್ತು ದಾಟಿದವರದು. ಉಳಿದ ಒಂದಕ್ಕೆ ವಯಸ್ಸು ಸರಿಹೊಂದಿತು. ಬಣ್ಣದ ನಂಬರು ಸ್ಪಷ್ಟವಿಲ್ಲ ಎಂದು ಸುಳ್ಳು ಹೇಳಿ ಆ ಡಾಕ್ಟರಿಗೆ ಫೋನು ಮಾಡಿ, ಆ ಮಾತು ಈ ಮಾತಿನ ನಡುವೆ ಪೇಷಂಟು ಯಾರೆಂದು ವಿಚಾರಿಸಿದೆ. ಯಾವುದೋ ಕಾಲೇಜಿನ ಲೈಬ್ರರಿಯವರು, ಆರಡಿ ಎತ್ತರ. ಅಣ್ಣ ಅಷ್ಟು ಎತ್ತರವಿಲ್ಲ. ಆದರೂ ಆ ದವಡೆಯನ್ನು ಒಂದು ವಾರ ಮೇಜಿನ ಮೇಲೇ ಇಟ್ಟುಕೊಂಡಿದ್ದೆ.

ನನಗೆ ಅಣ್ಣ ಬೇಕು. ಇದನ್ನು ಸುತ್ತಿ ಬಳಸಿ ಹೇಳುವ ವಿಧಾನ ಕಥೆಗಾರರಿಗೆ ಗೊತ್ತಿರಬಹುದು, ನನಗೆ ಗೊತ್ತಿಲ್ಲ.

೪

(ಇಲ್ಲಿ ನಮ್ಮ ಮನೆಯ ವರ್ಣನೆ ಇತ್ತು. ಒಂದೂವರೆ ಪುಟ. ಓದಿದರೆ ನನಗೇ ಆಕಳಿಕೆ ಬಂತು. ಎರಡು ಕೋಣೆ, ಒಂದು ಟೀವಿ, ಎತ್ತರದಲ್ಲಿ ಒಂದು ಕಿಟಕಿ. ಇಷ್ಟು ಸಾಕು.)

೫

ಈಗ ನಿಮಗೊಂದು ಸತ್ಯ ಹೇಳಬೇಕು. ಗ್ರೂಪಿನಲ್ಲಿ ಯಾರಿಗೂ ಹೇಳಿಲ್ಲ.

ಮಂಚದ ಕಾರು ಗೆದ್ದೇ ಇಲ್ಲ. ಅದು ನನಗೆ ಮೊದಲಿನಿಂದ ಗೊತ್ತು.

ನನಗೆ ಹನ್ನೊಂದು, ಅಣ್ಣನಿಗೆ ಹದಿನೆಂಟು. ಹತ್ತೊಂಬತ್ತನೇ ರೇಸು. ಆರು ಕಾರುಗಳು ಗೆರೆಯ ಹತ್ತಿರ ಬಂದಿದ್ದವು. ಇನ್ನೇನು ಎನ್ನುವಾಗ ಕರೆಂಟು ಹೋಯಿತು. ನಾನು ನೆಲಕ್ಕೆ ಬಿದ್ದು ರಂಪ ಮಾಡಿದೆ. ಅಣ್ಣ ಕುರ್ಚಿ ಎಳೆದುಕೊಂಡು ಅದರ ಮೇಲೆ ಹತ್ತಿ ಆ ಎತ್ತರದ ಕಿಟಕಿಯಿಂದ ಹೊರಗೆ ನೋಡಿದ.

"ಎದುರು ಬಿಲ್ಡಿಂಗಲ್ಲಿ ಕರೆಂಟಿದೆ ಕಣೇ," ಎಂದ. "ಅವರ ಟೀವಿ ಇಲ್ಲಿಂದ ಕಾಣ್ಸತ್ತೆ."

"ನಂಗೂ ತೋರ್ಸು."

"ನೀನು ಗಿಡ್ಡಿ, ನಿಂಗೆಲ್ಲಿ ಎಟಕತ್ತೆ. ಹೇಳ್ತೀನಿ, ಕೇಳು. ಆರೂ ಕಾರು ಗೆರೆ ಮುಂದೆ ನಿಂತ್ಬಿಟ್ಟಿವೆ. ಯಾರು ಮೊದಲು ಹೋಗೋದು ಅಂತ ಜಗಳ. ಜನರಲ್ಲು ತೊಟ್ಟಿಯಿಂದ ಇಳಿದು ಮುದುಕಿ ಮೇಲೆ ನೀರೆರಚ್ತಿದ್ದಾನೆ."

"ತಾತ ಎಲ್ಲಿ?"

"ಬರ್ತಿದ್ದಾನೆ. ಇಳಿಜಾರಲ್ಲಿ ಮಂಚ ತಾನಾಗೇ ಉರುಳ್ತಿದೆ. ಯಾರೂ ಅವನ ಕಡೆ ನೋಡ್ತಿಲ್ಲ. ಪಕ್ಕದಿಂದ ಬಂತು. ದಾಟ್ತು ಕಣೇ. ಮಂಚ ಗೆರೆ ದಾಟ್ತು."

ನಾನು ಎದ್ದು ಕುಣಿದೆ. ಅಣ್ಣ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಇರು, ಮುಗೀಲಿಲ್ಲ. ತಾತ ಎದ್ದ. ಮುಂದೆ ನೋಡ್ದ. ಯಾರೂ ಇಲ್ಲ. ದಿನಾ ಮುಂದೆ ಆರು ಕಾರಿನ ಧೂಳು ನೋಡಿ ಅಭ್ಯಾಸ ಅಲ್ವಾ ಅವನಿಗೆ. ಇವತ್ತು ರಸ್ತೆ ಖಾಲಿ. ದಾರಿ ತಪ್ಪಿದ್ದೀನಿ ಅಂದ್ಕೊಂಡ. ಮಂಚ ತಿರುಗಿಸ್ತಿದ್ದಾನೆ."

"ಬೇಡ ಅನ್ನಣ್ಣ."

"ಇಲ್ಲಿಂದ ಕೂಗಿದ್ರೆ ಅವನಿಗೆ ಕೇಳ್ಸತ್ತಾ? ವಾಪಸ್ ಬಂದ. ಮಂಚದ ಕಾಲಿಗೆ ಚಪ್ಪಲಿ ಸಿಕ್ಕಿಸಿದ್ನಲ್ಲ, ಅದರಲ್ಲಿ ಒಂದು ಗೆರೆಯಾಚೆ ಬಿದ್ದುಹೋಗಿದೆ. ಚಪ್ಪಲಿ ಫಸ್ಟು. ತಾತ ಲಾಸ್ಟು."

ಮರುದಿನ ಶಾಲೆಯಲ್ಲಿ ಇದನ್ನು ಹೇಳಿದೆ. ಪಕ್ಕದಲ್ಲಿ ಕೂರುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಮನೆಯಲ್ಲಿ ಕರೆಂಟಿತ್ತು. ಗೆದ್ದದ್ದು ಕೊಡೆ ಕಾರು. ಮನೆಗೆ ಬಂದು ಕುರ್ಚಿಯ ಮೇಲೆ ಎರಡು ದಿಂಬಿಟ್ಟು ಹತ್ತಿ ನೋಡಿದೆ. ಕಿಟಕಿಯಿಂದ ಎದುರು ಕಟ್ಟಡದ ಮೆಟ್ಟಿಲಿನ ಗೋಡೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಸುಳ್ಳುಗಾರ," ಎಂದೆ ಅಣ್ಣನಿಗೆ.

ಅವನು ನಕ್ಕ. "ಚೆನ್ನಾಗಿತ್ತೋ ಇಲ್ವೋ, ಅದು ಹೇಳು."

ಆ ನಗುವಿಗೇ ನನಗೆ ಮೈಯೆಲ್ಲ ಉರಿದುಹೋಯಿತು. ಅಂದು ಸಂಜೆ ಅಪ್ಪ ಕೆಲಸದಿಂದ ಬಂದು ಶೂ ಬಿಚ್ಚುತ್ತಿದ್ದಾಗ ನಾನು ಎದುರು ನಿಂತು ಒಂದೇ ಉಸಿರಿಗೆ ಹೇಳಿದೆ: ಅಣ್ಣ ಮೂರು ತಿಂಗಳಿಂದ ಕಾಲೇಜಿಗೆ ಹೋಗುತ್ತಿಲ್ಲ, ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದಾನೆ. ಅಪ್ಪ ಒಂದು ಶೂ ಹಾಕಿಕೊಂಡೇ ಎದ್ದರು. "ಗ್ಯಾರೇಜೇ ಬೇಕಿದ್ರೆ ಅಲ್ಲೇ ಬಿದ್ದಿರು. ಈ ಮನೆಗೆ ಬರ್ಬೇಡ," ಎಂದರು. ಅಣ್ಣ ಹೋದ. ಎರಡು ದಿನದಲ್ಲಿ ಬರುತ್ತಾನೆ ಎಂದುಕೊಂಡೆವು. ಒಂದು ವಾರ ಬಿಟ್ಟು ಅಪ್ಪನೇ ಗ್ಯಾರೇಜಿಗೆ ಹೋದರು. ಅಲ್ಲಿ ಅವನಿರಲಿಲ್ಲ. ಆಮೇಲೆ ಅಪ್ಪ ಹುಡುಕದ ಊರಿಲ್ಲ. ಹುಡುಕುತ್ತಲೇ ಹೋದರು, ಹನ್ನೆರಡು ವರ್ಷದ ಹಿಂದೆ ತೀರಿಕೊಂಡರು.

(ಚಾಡಿ ಹೇಳಿದ ಮಾತನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೇನೆ ಎಂದು ನೀವು ಗಮನಿಸಿರುತ್ತೀರಿ. ಮೊದಲ ಕರಡಿನಲ್ಲಿ ಅದು ಇರಲೇ ಇಲ್ಲ.)

೬

ಹಾಗಾದರೆ ಗೆಲ್ಲದ ಕಾರು ಗೆದ್ದಿತೆಂದು ಎಂಟು ವರ್ಷ ಯಾಕೆ ವಾದಿಸಿದೆ? ಅದೊಂದು ಗಾಳ. ಅಣ್ಣ ಎಲ್ಲೇ ಇದ್ದರೂ ಒಂದಲ್ಲ ಒಂದು ದಿನ ಮಂಚದ ಕಾರನ್ನು ಹುಡುಕಿಕೊಂಡು ಬಂದಾನು, ಹತ್ತೊಂಬತ್ತರ ಮುಂದಿನ ತಕರಾರನ್ನು ಕಂಡಾನು ಎಂಬ ಆಸೆ. ಅದಕ್ಕೇ ಅರ್ಧ ಮಾತ್ರ ಹೇಳಿದ್ದೆ. ಮಂಚ ಗೆರೆ ದಾಟಿತು ಎಂದಷ್ಟೇ. ತಾತ ತಿರುಗಿ ಬಂದದ್ದನ್ನು, ಚಪ್ಪಲಿ ಬಿದ್ದದ್ದನ್ನು ಯಾರಿಗೂ ಹೇಳಲಿಲ್ಲ. ಉಳಿದರ್ಧ ಹೇಳಿದವನೇ ನನ್ನ ಅಣ್ಣ. ಕಳ್ಳನನ್ನು ಹಿಡಿಯಲು ಪೊಲೀಸರು ಹೀಗೆ ಮಾಡುತ್ತಾರಂತೆ. ಇಲ್ಲಿ ಕಳ್ಳಿ ನಾನೇ.

ಹನ್ನೆರಡು ದಿನದ ಹಿಂದೆ ಹತ್ತೊಂಬತ್ತನೇ ಟೇಪು ಸಿಕ್ಕಿತು. ಮೇಷ್ಟ್ರು ಗ್ರೂಪಿಗೆ ಹಾಕಿದರು. ಎಲ್ಲರೂ ನೋಡಿದರು. ಕೊಡೆ ಕಾರು ಮೊದಲು, ಮಂಚ ಕೊನೆ. ಅಷ್ಟು ವರ್ಷದ ಮೇಲೆ ಆ ಕೊನೆಯ ಎರಡು ನಿಮಿಷ ನೋಡಿ ನನಗೆ ಅನ್ನಿಸಿದ್ದು ಒಂದೇ. ಅಣ್ಣ ಹೇಳಿದ್ದೇ ಚೆನ್ನಾಗಿತ್ತು.

"ಹಲ್ಲಮ್ಮನವರೇ, ಈಗಲಾದ್ರೂ ಪೆನ್ಸಿಲ್ ಅಳಿಸ್ಲಾ?" ಎಂದು ಮೇಷ್ಟ್ರು ಕೇಳಿದರು. ಲಿಫ್ಟಿನವರು ನಗುವ ಮುಖಗಳನ್ನು ಸಾಲಾಗಿ ಕಳಿಸಿದರು. ಮೂರು ದಿನ ನಾನು ಬಾಯಿ ಬಿಡಲಿಲ್ಲ. ಅಳಿಸಿ ಎಂದರೆ ಗಾಳ ಎತ್ತಿದಂತೆ, ಅಳಿಸಬೇಡಿ ಎನ್ನಲು ಮುಖವಿಲ್ಲ. ಕೊನೆಗೆ ನಾಲ್ಕನೇ ದಿನ 'ಅಳಿಸಿ' ಎಂದು ಟೈಪು ಮಾಡುತ್ತಿದ್ದೆ. ಆಗ, ಮೂರು ತಿಂಗಳ ಹಿಂದೆ ಸೇರಿ ಒಂದು ಮಾತೂ ಆಡದೆ ಕೂತಿದ್ದ 'ಸ್ಪ್ಯಾನರ್' ಎಂಬ ಹೆಸರಿನಿಂದ ಇದು ಬಂತು:

"ಎಲ್ರಿಗೂ ನಮಸ್ತೆ. ಹಲ್ಲಮ್ಮ ಮೇಡಂ ಹೇಳಿದ್ದು ನಿಜ ಇರ್ಬೇಕು. ನಮ್ಮಪ್ಪನೂ ಅದನ್ನ ನೋಡಿದ್ದಾರೆ. ತಾತ ಗೆರೆ ದಾಟಿ ಎಚ್ಚರ ಆಗಿ, ಮುಂದೆ ಯಾರೂ ಇಲ್ಲ ಅಂತ ದಾರಿ ತಪ್ಪಿದೆ ಅಂದ್ಕೊಂಡು ವಾಪಸ್ ಬರ್ತಾನೆ. ಒಂದು ಚಪ್ಪಲಿ ಆ ಕಡೆನೇ ಬಿದ್ದಿರತ್ತೆ. ಬಹುಶಃ ಬೇರೆ ನಂಬರಿನ ಎಪಿಸೋಡು."

ನಾನು ಕೈಯಲ್ಲಿದ್ದ ದವಡೆಯನ್ನು ಮೇಜಿನ ಮೇಲಿಟ್ಟೆ. ಅದು ಉರುಳಿ ಕೆಳಗೆ ಬಿದ್ದು ಮುಂದಿನ ಹಲ್ಲು ಮುರಿಯಿತು. ಇಪ್ಪತ್ತೆರಡು ವರ್ಷದಲ್ಲಿ ನಾನು ಬೀಳಿಸಿದ ಮೊದಲನೇ ಬಾಯಿ.

ಅಂದೇ ಮಧ್ಯಾಹ್ನ ಅವಳು ನನಗೊಬ್ಬಳಿಗೇ ಬರೆದಳು:

"ಮೇಡಂ, ತೊಂದ್ರೆ ಕೊಡ್ತಿದ್ರೆ ಕ್ಷಮಿಸಿ. ಮಗಳು ನಾನು, ನಂಗೂ ಅಪ್ಪ ತಮ್ಮ ಚಿಕ್ಕಂದಿನದು ಅಂತ ಹೇಳೋದು ಇದೊಂದೇ. ಬೇರೆ ಏನ್ ಕೇಳಿದ್ರೂ ನನ್ ಹಿಂದೆ ಯಾರೂ ಇಲ್ಲ ಅಂತಾರೆ. ಅದಕ್ಕೇ ಆ ಎಪಿಸೋಡ್ ಹುಡುಕ್ತಿದ್ದೀನಿ. ಸಿಕ್ಕಿದ್ರೆ ಅವರ ಜೊತೆ ಕೂತು ನೋಡ್ಬೇಕು. ನಿಮಗೆ ನಂಬರ್ ನೆನಪಿದ್ಯಾ? ನಿಮ್ ಜೊತೆ ಯಾರಾದ್ರೂ ನೋಡಿದ್ರಾ?"

ಇದೇ ಆ ಮೆಸೇಜು.

ನನ್ನ ಹಿಂದೆ ಯಾರೂ ಇಲ್ಲ, ಎಂದಿದ್ದಾನೆ. ಆ 'ಯಾರೂ ಇಲ್ಲ' ಎಂಬುದರಲ್ಲಿ ನಾನಿದ್ದೇನೆ, ಅಮ್ಮ ಇದ್ದಾಳೆ. ತಾನಾಗಿ ಮುಚ್ಚಿಕೊಂಡ ಬಾಗಿಲನ್ನು ಮಗಳ ಕೈಯಿಂದ ತೆಗೆಸಲು ನಾನು ಯಾರು? ಬಾಗಿಲು ಮುಚ್ಚುವಂತೆ ಮಾಡಿದವಳೂ ನಾನೇ ಅಲ್ಲವೇ?

೭

ಇಲ್ಲಿ ಅಣ್ಣ ಅಡ್ಡ ಬಂದ. (ಕಥೆಯೊಳಗಿನ ಅಣ್ಣ. ಗಾಬರಿಯಾಗಬೇಡಿ.)

"ನನ್ನನ್ನ ಹದಿನೆಂಟರಲ್ಲೇ ಯಾಕೆ ನಿಲ್ಸಿದ್ದೀಯ?"

"ನಂಗೆ ಗೊತ್ತಿರೋ ಅಣ್ಣ ಅಷ್ಟೇ."

"ಐವತ್ತೆರಡು ನಂಗೀಗ. ಸ್ವಲ್ಪ ಹೊಟ್ಟೆ ಕೊಡು. ಮಂಡಿ ನೋವು ಕೊಡು. ಕನ್ನಡಕ ಹಾಕ್ಸು."

"ಗೊತ್ತಿಲ್ಲದ್ದನ್ನ ಹೇಗೆ ಬರೀಲಿ?"

"ನಾನು ಆವತ್ತು ಕುರ್ಚಿ ಮೇಲೆ ನಿಂತು ಹೇಳಿದ್ದೇನು, ಗೊತ್ತಿದ್ದದ್ದಾ? ಮತ್ತೆ, ನನ್ನನ್ನ ಇಷ್ಟು ಒಳ್ಳೆಯವನಾಗಿ ಬರೀಬೇಡ. ನಿನ್ನ ಸ್ಕೇಲು ಮುರಿದು ನೀನೇ ಮುರಿದೆ ಅಂತ ಅಮ್ಮನಿಗೆ ಹೇಳಿದ್ದೆ. ಅದೂ ಹಾಕು."

ಹಾಕಿದ್ದೇನೆ. ಆಮೇಲೆ ನಾನು ಕೇಳಿದೆ: "ಒಂದು ಕಾಗದ ಯಾಕೆ ಬರೀಲಿಲ್ಲ ಅಣ್ಣ?"

(ಇಲ್ಲಿ ಅವನ ಬಾಯಲ್ಲಿ ಎಂಟು ಉತ್ತರ ಬರೆದೆ. ಎಂಟನ್ನೂ ಹೊಡೆದೆ. ಎಲ್ಲದರಲ್ಲೂ ಅವನು ನನ್ನನ್ನು ಕ್ಷಮಿಸಿಬಿಡುತ್ತಿದ್ದ.)

೮

ಕೊನೆಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಕೊನೆ ಅ: 'ಇಪ್ಪತ್ನಾಲ್ಕನೇ ಎಪಿಸೋಡು, ನಾನೊಬ್ಬಳೇ ನೋಡಿದ್ದು' ಎಂದು ಉತ್ತರಿಸುತ್ತೇನೆ. ಆ ಟೇಪು ಇನ್ನೂ ಸಿಕ್ಕಿಲ್ಲ. ಹುಡುಗಿ ಹುಡುಕುತ್ತ ಖುಷಿಯಾಗಿರುತ್ತಾಳೆ, ಅಣ್ಣ ಇದ್ದಲ್ಲಿ ನೆಮ್ಮದಿಯಾಗಿರುತ್ತಾನೆ. ಯಾರಿಗೂ ನಷ್ಟವಿಲ್ಲ. ನನಗೆ ಬಿಟ್ಟು.

ಕೊನೆ ಆ: 'ಸ್ಪ್ಯಾನರ್' ಎಂದರೆ ಅಣ್ಣನದು ಈಗಲೂ ಗ್ಯಾರೇಜೇ ಇರಬೇಕು, ಅದರ ವಿಳಾಸ ಹೇಗೋ ಪತ್ತೆ ಮಾಡಿ ಕೆಟ್ಟ ಸ್ಕೂಟರು ತಳ್ಳಿಕೊಂಡು ಹೋಗುತ್ತೇನೆ. ಅವನು ತಲೆಯೆತ್ತದೆ "ಏನಾಗಿದೆ?" ಎನ್ನುತ್ತಾನೆ. ನಾನು "ಮೂವತ್ನಾಲ್ಕು ವರ್ಷದಿಂದ ಸ್ಟಾರ್ಟ್ ಆಗ್ತಿಲ್ಲ" ಎನ್ನುತ್ತೇನೆ. ಅವನು ತಲೆಯೆತ್ತುತ್ತಾನೆ. (ನನಗೆ ಸ್ಕೂಟರು ಇಲ್ಲ. ಓಡಿಸಲೂ ಬಾರದು. ಆ ಡೈಲಾಗಿಗೆ ನಾಚಿಕೆಯೂ ಆಗುತ್ತಿದೆ.)

ಕೊನೆ ಇ: ಅವಳಪ್ಪ ನನ್ನ ಅಣ್ಣನೇ ಅಲ್ಲ. ಬೇರೆ ಯಾವುದೋ ಮನೆ, ಬೇರೆ ಯಾವುದೋ ಅಣ್ಣ, ಅದೇ ಸಂಜೆ ಕರೆಂಟು ಹೋದಾಗ ಅದೇ ಸುಳ್ಳು. ಇದನ್ನು ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

೯

ಇಷ್ಟು ಬರೆದು ಲ್ಯಾಬಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅಮ್ಮ ಹಾಳೆಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಓದುತ್ತಿದ್ದಳು. ಅಮ್ಮನಿಗೆ ಎಪ್ಪತ್ನಾಲ್ಕು. ಬಾಯಲ್ಲಿರುವುದು ನಾನು ಕೂರಿಸಿದ ಹಲ್ಲು. ಅವಳು ಸಿಟ್ಟಿನಿಂದ ಮಾತಾಡುವಾಗ ಅದು ಟಕ್ ಎನ್ನುತ್ತದೆ.

"ಏನಿದು, ನಿನ್ನ ಮಾತಿಗೆ ಅವನು ಮನೆ ಬಿಟ್ಟು ಹೋದ ಅಂತ ಬರ್ಕೊಂಡಿದ್ದೀಯ?"

"ಮತ್ತಿನ್ನೇನಮ್ಮ?"

"ನಿಂಗೆ ನೀನೇ ಅಷ್ಟು ದೊಡ್ಡ ಪಾತ್ರ ಕೊಟ್ಕೋಬೇಡ. ಹನ್ನೊಂದು ವರ್ಷದ ಗೊಣ್ಣೆಬುರುಕಿ ಮಾತು ಕೇಳಿ ಮನೆ ಬಿಡೋಕೆ ಅವನೇನು ಹುಚ್ಚನಾ?" ಟಕ್. "ಆ ಸೋಮವಾರ ಬೆಳಿಗ್ಗೆ ಕಸ ಗುಡಿಸ್ತಾ ಅವನ ಬ್ಯಾಗು ನೋಡಿದ್ದೆ. ಬಟ್ಟೆ ತುಂಬಿ ಬಾಗಿಲ ಹಿಂದೆ ಇಟ್ಟಿದ್ದ."

ನಾನು ಹಾಳೆಗಳನ್ನು ಸರಿಸಿ ಮಂಚದ ತುದಿಗೆ ಕೂತೆ.

"ನೋಡಿ ಸುಮ್ನಿದ್ಯಾ?"

"ಸುಮ್ನಿದ್ದೆ." ಅಮ್ಮ ಹಾಳೆಗಳ ಅಂಚು ಸರಿ ಮಾಡುತ್ತ ಹೇಳಿದಳು. "ಅವನಿಗೂ ನಿಮ್ಮಪ್ಪನಿಗೂ ವರ್ಷದಿಂದ ಮಾತಿರ್ಲಿಲ್ಲ. ನಾಲ್ಕು ದಿನ ಹೊರಗಿದ್ದು ಬರ್ಲಿ, ಇಬ್ರ ತಲೆನೂ ತಣ್ಣಗಾಗ್ಲಿ ಅಂದ್ಕೊಂಡೆ. ನಾಲ್ಕು ದಿನ ಅಂದ್ಕೊಂಡಿದ್ದೆ."

"ಇಷ್ಟು ವರ್ಷ ಹೇಳ್ಲಿಲ್ಲ ನೀನು."

"ನೀನು ಹೇಳಿದ್ಯಾ? ಇವತ್ತು ಓದಿ ಗೊತ್ತಾಗಿದ್ದು ನಂಗೆ, ನೀನು ಇದನ್ನ ಹೊತ್ಕೊಂಡು ತಿರುಗ್ತಿದ್ದೆ ಅಂತ."

ಮೂವತ್ನಾಲ್ಕು ವರ್ಷ ನಾನು ಹೊತ್ತ ತಪ್ಪನ್ನು ಅಮ್ಮ ಕಸದ ಮೊರಕ್ಕೆ ತಳ್ಳುವ ಹಾಗೆ ತಳ್ಳಿಬಿಟ್ಟಳು. ಹಗುರಾಗಬೇಕಿತ್ತು. ಅದರ ಬದಲು ಆ ಭಾನುವಾರದ ಸಂಜೆ ಬೇರೆಯಾಗಿ ಕಾಣತೊಡಗಿತು. ಕುರ್ಚಿಯ ಮೇಲೆ ನಿಂತು, ಗೋಡೆ ಮಾತ್ರ ಕಾಣುವ ಕಿಟಕಿಗೆ ಮುಖ ಮಾಡಿ ಅವನು ಕಥೆ ಕಟ್ಟುತ್ತಿದ್ದಾಗ, ಹೋಗುವುದು ಆಗಲೇ ಗಟ್ಟಿಯಾಗಿತ್ತು. ಗೆರೆ ದಾಟಿದವನು ತಿರುಗಿ ಬರುತ್ತಾನೆ ಎಂದು ಅವನು ಹೇಳಿದ್ದು ನನಗೆ. ನಾನು ಅದನ್ನು ಸುಳ್ಳು ಎಂದೆ.

(ಮೇಲಿನದ್ದನ್ನೆಲ್ಲ ತಿದ್ದಬೇಕು. ಐದನೆಯದನ್ನಂತೂ ಪೂರ್ತಿ. ತಿದ್ದುವುದಿಲ್ಲ. ನಾನು ಹಾಗೆಯೇ ನಂಬಿ ಬದುಕಿದ್ದೆ, ಅದಾದರೂ ಇದ್ದ ಹಾಗೆ ಇರಲಿ.)

"ಇದರಲ್ಲಿ ಕೊನೆ ಯಾವುದೇ?" ಎಂದು ಅಮ್ಮ ಎಂಟನೇ ಭಾಗವನ್ನು ಮುಂದೆ ಹಿಡಿದಳು.

"ಇನ್ನೂ ಗೊತ್ತಿಲ್ಲ."

"ಒಂಬತ್ತು ದಿನದಿಂದ ಆ ಮಗುನ ಕಾಯಿಸ್ತಿದ್ದೀಯಲ್ಲ. ಮೊದಲು ಅದಕ್ಕೆ ಉತ್ತರ ಕೊಡು. ಕಥೆ ಎಲ್ಲಿಗೂ ಓಡಿಹೋಗಲ್ಲ."

"ಅವನಿಗೆ ನಾವು ಬೇಡವಾಗಿದ್ರೆ?"

ಅಮ್ಮ ಹಾಳೆಗಳನ್ನು ಪಕ್ಕಕ್ಕಿಟ್ಟು ಫೋನನ್ನು ನನ್ನ ಕೈಗಿಟ್ಟಳು. "ಬೇಡ ಅಂದ್ರೆ ಬೇಡ ಅಂತ ಗೊತ್ತಾಗ್ಲಿ," ಎಂದಳು. "ಅದನ್ನೂ ಅವನ ಬಾಯಿಂದ ಕೇಳೋಣ."

೧೦

ಬರೆದೆ. ಎರಡು ಸಾಲು ಆಗಲಿಲ್ಲ, ಏಳಾಯಿತು.

"ಆ ಎಪಿಸೋಡು ಯಾವ ನಂಬರಿನಲ್ಲೂ ಇಲ್ಲಮ್ಮ. ಹುಡುಕಬೇಡ. ಆವತ್ತು ಕರೆಂಟು ಹೋಗಿತ್ತು. ತಂಗಿ ಅಳ್ತಿದ್ದಳು ಅಂತ ಒಬ್ಬ ಅಣ್ಣ ಕಟ್ಟಿ ಹೇಳಿದ ಕಥೆ ಅದು. ಕೇಳಿದ್ದು ಒಬ್ಬಳೇ. ಅವಳು ಆಗ ಅವನನ್ನ ಸುಳ್ಳುಗಾರ ಅಂದಿದ್ದಳು. ಚೆನ್ನಾಗಿತ್ತು ಅಂತ ಈಗ ಹೇಳ್ತಿದ್ದಾಳೆ, ಅಪ್ಪನಿಗೆ ಹೇಳು."

ಕಳಿಸಿ ಫೋನನ್ನು ಮಗುಚಿಟ್ಟೆ. ಅಮ್ಮ ಅದನ್ನು ತಿರುಗಿಸಿಟ್ಟಳು. ನಾನು ಮತ್ತೆ ಮಗುಚಿಟ್ಟೆ. ಹೀಗೆ ಒಂದೂವರೆ ಗಂಟೆ. ಅಮ್ಮ ಬಟ್ಟೆ ಮಡಿಸಿದಳು. ಮಡಿಸಿದ್ದನ್ನೇ ಮತ್ತೆ ಬಿಡಿಸಿ ಮಡಿಸಿದಳು.

ಉತ್ತರ ಬಂತು. ಓದಿದ ಹಾಗೆಯೇ ಇಲ್ಲಿ ಇಳಿಸುತ್ತಿದ್ದೇನೆ:

"ಅಪ್ಪ ಪಕ್ಕದಲ್ಲೇ ಇದ್ರು, ಓದಿ ಹೇಳ್ದೆ. ಇನ್ನೊಂದ್ಸಲ ಓದು ಅಂದ್ರು. ಓದ್ದೆ. ಆಮೇಲೆ, ಆ ಚಪ್ಪಲಿ ಕಥೆ ಮುಂದೇನಾಯ್ತು ಅಂತ ನಿಮ್ಮತ್ತೆನ ಕೇಳು ಅಂದ್ರು. ಯಾರು, ನನ್ ಅತ್ತೆನಾ ಅಂದೆ. ಎದ್ದು ಹೋಗಿ ಮುಖ ತೊಳ್ಕೊಂಡು ಬಂದು ಮತ್ತೆ ಇಲ್ಲೇ ಕೂತಿದ್ದಾರೆ. ಅತ್ತೆ, ಮುಂದೇನಾಯ್ತು?"

ಇದನ್ನೂ ನೀನೇ ಬರೆದುಕೊಂಡಿದ್ದೀಯ ಎಂದು ನೀವು ಹೇಳಬಹುದು. ಗೋಡೆ ನೋಡುತ್ತ ರೇಸು ವರ್ಣಿಸಿದವನ ತಂಗಿ ನಾನು, ಆ ಅನುಮಾನ ನಿಮಗೆ ಬಂದರೆ ತಪ್ಪಲ್ಲ. ನಾನು ವಾದ ಮಾಡುವುದಿಲ್ಲ. ಅಮ್ಮ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಅದನ್ನೇ ಮೂರನೇ ಸಲ ಓದುತ್ತಿದ್ದಾಳೆ, ತುಟಿ ಅಲ್ಲಾಡಿಸಿಕೊಂಡು, ನಿಧಾನವಾಗಿ.

ಚಪ್ಪಲಿ ಮುಂದೇನಾಯಿತೋ ನನಗೆ ಗೊತ್ತಿಲ್ಲ. ಈಗ ಕಟ್ಟಬೇಕು. ಇವತ್ತು ಸ್ವಲ್ಪ ಹೇಳಿ, ಉಳಿದದ್ದು ನಾಳೆ ಎನ್ನುತ್ತೇನೆ. ನಾಳೆ ಅವನು ಕೇಳಬೇಕು. ನಾಡಿದ್ದೂ ಕೇಳಬೇಕು. ಮುಗಿಸಿಬಿಟ್ಟರೆ ಅವನು ಕೇಳುವುದಕ್ಕೆ ಏನು ಉಳಿಯುತ್ತದೆ? ಅದಕ್ಕೇ ಈ ಕಥೆಗೆ ಕೊನೆ ಇಡುವುದಿಲ್ಲ. ಇಟ್ಟರೂ ಅದು ನಿಮಗಲ್ಲ. ಇಷ್ಟು ದೂರ ಜೊತೆಗೆ ಬಂದಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ, ನೀವು ಇಲ್ಲೇ ಇಳಿದುಕೊಳ್ಳಿ. ನನ್ನಣ್ಣ ಕಾಯುತ್ತಿದ್ದಾನೆ.